ಪೇಟೆಯ ಬೀದಿಯೂ ಪಾದಚಾರಿಯೂ

ತಾಲ್ಲೂಕು ಪಟ್ಟಣಗಳ ಅಭ್ಯುದಯದ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಕೇಳಿಬರುವ ಮಾತು ರಸ್ತೆಯ ಅಗಲೀಕರಣ. ಬೀದಿ ವಿಶಾಲವಾದರೆ ವ್ಯಾಪಾರವೂ ತಾನಾಗಿ ವೃದ್ಧಿಹೊಂದುವುದೆಂಬ ನಂಬಿಕೆ ಪುರಾಡಳಿತದಲ್ಲಿಯೂ ಪುರಜನರಲ್ಲಿಯೂ ಬೇರೂರಿದೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳು ಯಾರಿಂದ ಜೀವಿಸುತ್ತಿವೆಯೆಂಬುದನ್ನು ವಿಚಾರಿಸಿದರೆ ಈ ನಂಬಿಕೆ ನಿಲ್ಲಲಾರದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಲಿಂಬೆಯನ್ನು ಬೆಳೆಯುವ ಇಂಡಿ ಸೀಮೆಯ ರೈತನಾಗಲಿ, ಬಸವಣ್ಣನವರ ಜನ್ಮಸ್ಥಳದ ದರ್ಶನಕ್ಕೆಂದು ಬಾಗೇವಾಡಿಗೆ ಬರುವ ಯಾತ್ರಿಕನಾಗಲಿ, ಮದುವೆಯ ಬಟ್ಟೆಬರೆಗಾಗಿ ಮುದ್ದೇಬಿಹಾಳಕ್ಕೆ ಬರುವ ಕೃಷ್ಣಾತೀರದ ಕುಟುಂಬವಾಗಲಿ, ಬಸ್ಸಿನಿಂದಲೋ ಟಂಟಂನಿಂದಲೋ ಇಳಿದ ಮೇಲೆ ಅಂಗಡಿಯಿಂದ ಅಂಗಡಿಗೆ ಸುತ್ತುವುದು ಕಾಲ್ನಡಿಗೆಯಿಂದಲೇ. ವಿಜಯಪುರ–ಕಲಬುರಗಿ ಮಾರ್ಗದಲ್ಲಿ ಸಿಂದಗಿಯನ್ನು ನಿಲ್ಲದೆ ದಾಟಿಹೋಗುವ ಮೋಟಾರು ಧೂಳನ್ನು ಬಿಟ್ಟುಹೋಗುವುದೇ ಹೊರತು ವರ್ತಕನ ಗಲ್ಲಾಪೆಟ್ಟಿಗೆಗೆ ಕಾಸು ಹಾಕುವುದಿಲ್ಲ.

ಹೀಗಿದ್ದೂ ಪೇಟೆಯ ಪೋಷಕನಾದ ಪಾದಚಾರಿಗೆ ಪೇಟೆಯಲ್ಲಿ ಸ್ಥಳವಿಲ್ಲ. ಒಂದೆಡೆ ತೆರೆದ ಗಟಾರು, ಇನ್ನೊಂದೆಡೆ ಸಾಲುಗಟ್ಟಿ ನಿಂತ ಮೋಟಾರ್ ಸೈಕಲ್ಲುಗಳು, ನಡುವೆ ಅಂಗಡಿಯವರೇ ಹೊರಚಾಚಿದ ಸರಕು. ವಾಣಿಜ್ಯ ಬೀದಿಗಳಲ್ಲಿ ಕಾಲುದಾರಿಯು ಎರಡೂವರೆ ಮೀಟರಿನಷ್ಟಾದರೂ ನಿರ್ಬಾಧವಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವ ಈ ನಾಡಿನಲ್ಲಿ ಅದಕ್ಕೆ ನೆರಳೂ ಅಷ್ಟೇ ಅವಶ್ಯಕವಾದುದರಿಂದ, ಅಗಲೀಕರಣದ ನೆಪದಲ್ಲಿ ಬೇವಿನ ಮರಗಳನ್ನು ಕಡಿಯುವುದು ವ್ಯಾಪಾರದ ಬೇರನ್ನೇ ಕಡಿದಂತೆ.

ಇಕ್ಕಟ್ಟಿಗೆಲ್ಲ ತಳ್ಳುಗಾಡಿಯವರೇ ಕಾರಣರೆಂದು ಅವರನ್ನು ಎಬ್ಬಿಸುವುದು ಸುಲಭ; ನ್ಯಾಯವಲ್ಲ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಗಳನ್ನು ತೆರವುಗೊಳಿಸಬಾರದೆಂದೂ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ಅವರ ಪ್ರತಿನಿಧಿಗಳಿರಬೇಕೆಂದೂ 2014ರ ಬೀದಿ ವ್ಯಾಪಾರಿಗಳ ಅಧಿನಿಯಮ ವಿಧಿಸಿದೆ. ಕಾಯಿಪಲ್ಲೆಯ ಗಾಡಿಗೆ ಬಂದ ಗಿರಾಕಿಯೇ ಪಕ್ಕದ ಕಿರಾಣಿ ಅಂಗಡಿಯ ಮೆಟ್ಟಿಲನ್ನೂ ಹತ್ತುವನೆಂಬುದನ್ನು ವರ್ತಕರು ಮರೆಯಲಾಗದು.

ವಾಹನವನ್ನು ತಡೆದರೆ ಗಿರಾಕಿ ಬಾರನೆಂಬ ಭೀತಿ ಹೊಸದಲ್ಲ. 1962ರಲ್ಲಿ ಕೋಪನ್‌ಹೇಗನ್ ನಗರವು ತನ್ನ ಸ್ಟ್ರೋಯೆಟ್ ಬೀದಿಯನ್ನು ನಡೆಯುವವರಿಗೆ ಮೀಸಲಿಟ್ಟಾಗ ಅಲ್ಲಿಯ ಅಂಗಡಿಕಾರರೂ ಹಾಗೆಯೇ ಅಂಜಿದ್ದರು. ಇಂದು ಅದು ಆ ನಗರದ ಪ್ರಮುಖ ವ್ಯಾಪಾರದ ಬೀದಿ. ನಮ್ಮಲ್ಲಿ ಮೂಟೆ ಹೊರುವವರೂ ವೃದ್ಧರೂ ಇರುವುದರಿಂದ ಸಂಪೂರ್ಣ ನಿಷೇಧವು ಉಚಿತವಲ್ಲ. ಸರಕಿನ ಲಾರಿಗಳು ಬೆಳಗಿನ ಜಾವದಲ್ಲಿ ಬಂದು ಹೋಗಲಿ. ವಾಹನಗಳ ನಿಲುಗಡೆ ಪೇಟೆಯ ಅಂಚಿಗೆ ಸರಿಯಲಿ. ಬಸ್ ನಿಲ್ದಾಣದಿಂದ ಬಜಾರದವರೆಗೆ ಮುಚ್ಚಿದ ಗಟಾರಿನ ಮೇಲೆ ನೆರಳುಳ್ಳ ಕಾಲುದಾರಿ ಸಾಗಲಿ. ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯವೂ ಎಲ್ಲರಿಗೂ ಕುಡಿಯುವ ನೀರೂ ದೊರೆಯಲಿ.

ಇದಕ್ಕೆ ಹೊಸ ಕಾನೂನು ಬೇಡ, ಕಟ್ಟಡಗಳನ್ನು ಕೆಡವಿದ್ದಕ್ಕೆ ಕೊಡಬೇಕಾದ ಪರಿಹಾರದ ಹಣವೂ ಬೇಡ. ಈ ನಾಲ್ಕು ಪಟ್ಟಣಗಳ ಪುರಾಡಳಿತಗಳು ಮುಂದಿನ ಆಯವ್ಯಯದಲ್ಲಿ ಒಂದೊಂದು ಬೀದಿಗಾದರೂ ಇಂಥ ವ್ಯವಸ್ಥೆಯನ್ನು ಮಾಡಿ, ವರ್ಷಾಂತ್ಯದಲ್ಲಿ ಲಾಭನಷ್ಟದ ಲೆಕ್ಕವನ್ನು ವರ್ತಕರಿಂದಲೇ ಕೇಳಲಿ. ಅಗಲೀಕರಣದ ಮಾತನ್ನು ಅನಂತರ ಆಡಬಹುದು.