ಓಣಂ ಡಬ್ಬಿಯ ತೂಕ
ಕೇರಳದ ಆಲುವದಲ್ಲಿ ಓಣಂ ಒಂದೇ ಊಟಕ್ಕೆ ಮುಗಿಯುವ ಹಬ್ಬವಲ್ಲ. ಅತ್ತಂನಿಂದ ತಿರುವೋಣಂವರೆಗಿನ ಹತ್ತು ದಿನಗಳಲ್ಲಿ ಕಚೇರಿಯದೊಂದು ಊಟ, ವಸತಿ ಸಂಘದ್ದೊಂದು, ಕೊನೆಗೆ ಮನೆಯದು. ಎಲೆಯ ಮೇಲಿನ ಅವಿಯಲ್, ತೋರನ್, ಓಲನ್‌ಗಳ ಬಗ್ಗೆ ನನಗೆ ದೂರಿಲ್ಲ. ಇಷ್ಟು ಬಗೆಯ ತರಕಾರಿ ಒಟ್ಟಿಗೆ ಹೊಟ್ಟೆಗೆ ಬೀಳುವುದೇ ಅಪರೂಪ. ನಿಜವಾದ ತೊಂದರೆ ಹಬ್ಬ ಮುಗಿದ ಮೇಲೆ ಉಳಿಯುವುದರಲ್ಲಿದೆ: ತೆಂಗಿನೆಣ್ಣೆಯಲ್ಲಿ ಕರಿದ ನೇಂದ್ರ ಬಾಳೆಯ ಚಿಪ್ಸ್, ಬೆಲ್ಲ ಮೆತ್ತಿದ ಶರ್ಕರ ಉಪ್ಪೇರಿ, ಫ್ರಿಜ್ಜಿನಲ್ಲಿಟ್ಟು ಮರುದಿನವೂ ಕುಡಿಯುವ ಪಾಲಡ ಪಾಯಸ. ಅಷ್ಟರಲ್ಲಿ ನವರಾತ್ರಿ, ದೀಪಾವಳಿ, ಕ್ರಿಸ್‌ಮಸ್ ಕೇಕು. 2000ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು 195 ಅಮೆರಿಕನ್ನರನ್ನು ತೂಗಿ ನೋಡಿತ್ತು. ಹಬ್ಬದ ವಾರಗಳಲ್ಲಿ ಅವರು ಏರಿಸಿಕೊಂಡದ್ದು ಸರಾಸರಿ 370 ಗ್ರಾಂ ಮಾತ್ರ. ಆದರೆ ಮುಂದಿನ ತಿಂಗಳುಗಳಲ್ಲಿ ಅದು ಇಳಿಯಲಿಲ್ಲ. ವರ್ಷವರ್ಷವೂ ಇಷ್ಟೇ ಸೇರುತ್ತ ಹೋದರೂ ಹತ್ತು ವರ್ಷಕ್ಕೆ ಮೂರೂವರೆ ಕಿಲೋ ದಾಟುತ್ತದೆ. ಕೇರಳದ ವಯಸ್ಕರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿರುವಾಗ ಇದನ್ನು ಹಗುರವಾಗಿ ನೋಡಲು ನನ್ನಿಂದಾಗದು. ತಿರುವೋಣದ ದಿನ ಮನಸಾರೆ ಉಣ್ಣಿ. ಮಿಕ್ಕ ಪಾಯಸವನ್ನು ಅಂದೇ ಅಕ್ಕಪಕ್ಕದವರಿಗೆ ಹಂಚಿ, ಉಪ್ಪೇರಿಯನ್ನು ಕಿಲೋಗಟ್ಟಲೆ ತರಬೇಡಿ, ವಾರಕ್ಕೊಮ್ಮೆ ತೂಕ ನೋಡಿಕೊಳ್ಳಿ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು: ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಬೆಳಗ್ಗೆ ಪೆರಿಯಾರ್ ಹೊಳೆಯ ಮೇಲಿನ ಪಾದಚಾರಿ ಸೇತುವೆ ದಾಟಿ ಮಣಪ್ಪುರಂವರೆಗೆ ಬಿರುಸಾಗಿ ನಡೆದು ಬನ್ನಿ. ಮಳೆ ಹಿಡಿದು ಹೊಳೆ ತುಂಬಿದ ದಿನ ಮನೆಯ ಮೆಟ್ಟಿಲು ಹತ್ತಿ ಇಳಿದರೂ ಆದೀತು.