ಹದಿನೆಂಟು ತುಂಬಿದ್ದೇ ತಪ್ಪಾ?

ಬಿಜಾಪುರ 2014ರಲ್ಲಿ ವಿಜಯಪುರ ಆಯಿತು. ತಿಕೋಟಾ, ಬಬಲೇಶ್ವರ ತಾಲೂಕುಗಳಾದವು. ಬೋರ್ಡು ಬದಲಾದವು. ಗೌಡರ ಮಗ ಕಾಣೆಯಾದರೆ ಜೀಪು ಓಡುತ್ತವೆ, ಕೇರಿಯ ಮಗನ ಅವ್ವನಿಗೆ ಠಾಣೆಯ ಉತ್ತರ ಹಳೆಯದೇ: "ದುಡಿಯಾಕ ಹೋಗಿರಬೇಕು, ಬರ್ತಾನ ತಗೋ." ಮಗಳಾದರೆ ಇನ್ನೂ ಹೊಲಸು: "ಯಾರ ಕೂಡ ಓಡಿ ಹೋದ್ಳು?"

ಕಾಣೆಯಾದ ಮಗುವಿನ ಪ್ರತಿ ದೂರಿಗೂ ಎಫ್‌ಐಆರ್ ಆಗಲೇಬೇಕು, ಅಪಹರಣವೆಂದೇ ಹಿಡಿದು ತನಿಖೆ ಮಾಡಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಒಳ್ಳೆಯದು. ಹದಿನೆಂಟು ತುಂಬಿದ ಮರುದಿನ ಆ ಆಸರೆ ಇಲ್ಲ. ಏಳು ವರುಷ ಸುದ್ದಿ ಇಲ್ಲದವನನ್ನು ಸತ್ತನೆಂದು ಊಹಿಸಲು ಕಾನೂನಿದೆ. ಏಳು ದಿನದೊಳಗೆ ಹುಡುಕುವ ಅವಸರ ಯಾರಿಗಿದೆ?

ತಾನಾಗೇ ಹೋದನಂತೆ! 2022ರಲ್ಲಿ ತಿಕೋಟಾ ತಾಲೂಕಿನ ಹಳ್ಳಿಯೊಂದರಿಂದ ಕಾಣೆಯಾದ ಯುವಕ ಪ್ರೀತಿ ಮಾಡಿದ್ದ. ಹೆಣ ಕೃಷ್ಣಾ ಹೊಳೆಯಲ್ಲಿ ಸಿಕ್ಕಿತು. ಹೊಳೆ ಹೆಣವನ್ನೂ ಕೊಡದ ಮನೆಗಳ ಗತಿ ಏನು?

ಕೇರಳದ ವಿದ್ಯಾರ್ಥಿ ರಾಜನ್‌ನನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಪೊಲೀಸರು ಹಿಡಿದೊಯ್ದರು. ಅಪ್ಪ ಈಚರ ವಾರಿಯರ್ ಹೇಬಿಯಸ್ ಕಾರ್ಪಸ್ ಹಾಕಿದರು. 1977ರಲ್ಲಿ ಮುಖ್ಯಮಂತ್ರಿ ಕರುಣಾಕರನ್ ಕುರ್ಚಿ ಬಿಡಬೇಕಾಯಿತು. ಮಗನ ಹೆಣ ಸಿಗಲೇ ಇಲ್ಲ. ಆ ಅಪ್ಪ ಪ್ರೊಫೆಸರು. ಕಬ್ಬು ಕಡಿಯಾಕ ಗುಳೆ ಹೋಗುವ ನಮ್ಮ ಅಪ್ಪಗೆ ಅರ್ಜಿ ಬರೆಯಲೂ ಬಾರದು.

ಅರ್ಜಿ ನಾವು ಬರೆಯೋಣ. ಹಳ್ಳಿ ಮಾಸ್ತರರೇ, ಹಾಸ್ಟೆಲ್ಲಿನ ಗೆಳೆಯರೇ, ಆ ಅವ್ವನ ಜೋಡಿ ಠಾಣೆಗೆ ನಡೆಯಿರಿ. ದೂರಿನ ನಂಬರು, ಸಹಿ ಹಾಕಿದ ರಸೀದಿ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಯಾರೋ ಹಿಡಿದಿಟ್ಟ ಗುಮಾನಿ ಇದ್ದರೆ ಕಲಬುರಗಿಯಲ್ಲಿ ಹೈಕೋರ್ಟಿನ ಪೀಠವಿದೆ. ಬಸ್ಸಿನ ಖರ್ಚಿಗೆ ಪಟ್ಟಿ ಎತ್ತೋಣ.