ಒಂಬತ್ತನೆಯ ತರಗತಿಯ ಭಾನುವಾರಗಳು

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರ ಮನೆಗಳಲ್ಲಿ ಕಾಲವನ್ನು ವರ್ಗಾವಣೆಯ ಆದೇಶಗಳಿಂದ ಅಳೆಯುವುದು ವಾಡಿಕೆ. ಚೆನ್ನೈಯಲ್ಲಿದ್ದಾಗ ಮಗ ಹುಟ್ಟಿದ, ಹೈದರಾಬಾದಿನಲ್ಲಿ ಅಕ್ಷರ ಕಲಿತ, ದೆಹಲಿಗೆ ಬಂದಾಗ ಐದನೆಯ ತರಗತಿ, ಹೀಗೆ. ಆತ ಒಂಬತ್ತನೆಯ ತರಗತಿಗೆ ಕಾಲಿಟ್ಟ ಮೇಲೆ ಮಾತ್ರ ನಮ್ಮ ಮನೆಯ ಪಂಚಾಂಗವೇ ಬದಲಾಯಿತು. ಕಾಲೇಜು ಪ್ರವೇಶಕ್ಕೆ ಇನ್ನೆಷ್ಟು ತಿಂಗಳು ಉಳಿದಿವೆ ಎಂಬುದೊಂದೇ ಲೆಕ್ಕ.

ನಮ್ಮ ಕಾಲದಲ್ಲಿ ಪಿಯುಸಿ ಫಲಿತಾಂಶ ಬಂದ ಮೇಲೆಯೇ ಕಾಲೇಜಿನ ಮಾತು. ಅರ್ಜಿ ನಮೂನೆಗೆ ಸಾಲಿನಲ್ಲಿ ನಿಂತಾಗ ಅಪ್ಪ ಹೇಳಿದ್ದು ಇಷ್ಟೇ: ‘ಹಾಸ್ಟೆಲ್ ಸಿಗುತ್ತದೆಯೇ ವಿಚಾರಿಸು.’ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡದ್ದು ಆ ಸಾಲಿನಲ್ಲಿ ನಿಂತಿದ್ದಾಗಲೇ. ಇದನ್ನು ಹಳೆಯ ಕಾಲದ ಹೊಗಳಿಕೆಯೆಂದು ಓದುಗರು ಭಾವಿಸಬಾರದು. ಯಾವ ವಿಷಯ ಓದಿದರೆ ಎಲ್ಲಿಗೆ ದಾರಿ ಎಂದು ಹೇಳುವವರಿಲ್ಲದೆ, ನಮಗಿಂತ ಬುದ್ಧಿವಂತರಾಗಿದ್ದ ಎಷ್ಟೋ ಸಹಪಾಠಿಗಳು ಹಿಂದುಳಿದರು. ಆ ಭಯವೇ ಇಂದು ನಮ್ಮ ತಲೆಮಾರಿನ ತಂದೆತಾಯಂದಿರನ್ನು ಕೋಚಿಂಗ್ ಸಂಸ್ಥೆಗಳ ಬಾಗಿಲಿಗೆ ಒಯ್ಯುತ್ತಿದೆ.

ನಾವೂ ಹೋದೆವು. ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ‘ಫೌಂಡೇಷನ್ ಕೋರ್ಸ್’, ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ನಮ್ಮ ಬಳಗದವರು ನಡೆಸುತ್ತಿದ್ದ ಕನ್ನಡ ತರಗತಿಯೂ ಅದೇ ಹೊತ್ತಿಗೆ. ಯಾವುದನ್ನು ಬಿಡಿಸಬೇಕೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಕಾಲೇಜು ಅರ್ಜಿಯ ಯಾವ ಅಂಕಣದಲ್ಲೂ ಕನ್ನಡಕ್ಕೆ ಜಾಗವಿಲ್ಲವೆಂದು ನಾವು ಬಾಯಿಬಿಟ್ಟು ಹೇಳಲಿಲ್ಲ, ನಡೆದುಕೊಂಡದ್ದು ಮಾತ್ರ ಹಾಗೆಯೇ. ಒತ್ತಕ್ಷರಗಳವರೆಗೆ ಬಂದಿದ್ದ ಮಗನ ಕಲಿಕೆ ಅಲ್ಲಿಗೇ ನಿಂತಿತು. ಆಮೇಲೆ ತಬಲಾ, ಅದರ ಮರುವರ್ಷ ಸಂಜೆಯ ಕ್ರಿಕೆಟ್. 16 ವರ್ಷ ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಸರ್ಕಾರದ ಸುತ್ತೋಲೆಗಳನ್ನು ಅಕ್ಷರಶಃ ಪಾಲಿಸುವುದೇ ವೃತ್ತಿಯಾದ ನಾವು ಅದನ್ನು ಪತ್ರಿಕೆಯಲ್ಲಿ ಓದಿ, ಮಡಿಸಿಟ್ಟೆವು.

ಹನ್ನೆರಡನೆಯ ತರಗತಿಯ ಚಳಿಗಾಲದಲ್ಲಿ ಸ್ನೇಹಿತರೊಬ್ಬರು ಕರ್ನಾಟಕದ ಸಿಇಟಿಯನ್ನು ನೆನಪಿಸಿದರು. ಹೊರನಾಡ ಕನ್ನಡಿಗರ ಮಕ್ಕಳಿಗೂ ಅಲ್ಲಿ ಅವಕಾಶವಿದೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದೇ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ನಿರರ್ಗಳವಾಗಿ ಕನ್ನಡವಾಡುವ, ಹದಿನೇಳು ತುಂಬಿದ ಹುಡುಗ ‘ವಿದ್ಯಾರ್ಥಿ’ ಎಂಬ ಪದದ ಮುಂದೆ ತಡವರಿಸಿ ನಿಂತ. ಆಗ ಶಿವಮೊಗ್ಗದಿಂದ ಅವನ ಅಜ್ಜ ದಿನವೂ ರಾತ್ರಿ ಒಂಬತ್ತಕ್ಕೆ ವಿಡಿಯೊ ಕರೆ ಮಾಡಿ, ಹಲಗೆಯ ಮೇಲೆ ಬರೆದು ತೋರಿಸಿ, ಐದು ವಾರ ಪಾಠ ಹೇಳಿದರು. ಒಂದು ರಾತ್ರಿ ಪಾಠ ಮುಗಿದ ಮೇಲೆ ಮಗ ಕೇಳಿದ: ‘ಅಪ್ಪಾ, ಪರೀಕ್ಷೆ ಆದ ಮೇಲೆ ಇದನ್ನು ಬಿಟ್ಟುಬಿಡಬಹುದಲ್ಲವಾ?’

ಅವನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಪ್ರವೇಶಕ್ಕೆ ಉಪಯೋಗವಿಲ್ಲದ್ದನ್ನು ಬಿಡಬೇಕು, ಉಪಯೋಗಕ್ಕೆ ಬಂದರೆ ಹಿಡಿಯಬೇಕು ಎಂಬ ಪಾಠವನ್ನು ನಾಲ್ಕು ವರ್ಷ ಕಲಿಸಿದವರು ನಾವೇ. ಅವನು ಅದನ್ನು ಚೆನ್ನಾಗಿಯೇ ಕಲಿತಿದ್ದ.

ಇಷ್ಟಾಗಿಯೂ, ನಾಲ್ಕು ವರ್ಷ ಮೊದಲೇ ಹೂಡುವ ತಂತ್ರ ಫಲಿಸುತ್ತದೆಂಬ ಭರವಸೆಯಾದರೂ ಇದೆಯೇ? 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಕಟ್-ಆಫ್ ನೂರಕ್ಕೆ ನೂರು ಮುಟ್ಟಿತ್ತು. ಮರುವರ್ಷದ ಮಾರ್ಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆಲ್ಲ ಸಿಯುಇಟಿ ಬಂದಿತು. ಬೋರ್ಡ್ ಪರೀಕ್ಷೆಯ ಅಂಕ ಅರ್ಹತೆಗೆ ಮಾತ್ರ ಸಾಕಾಯಿತು. ಒಂಬತ್ತನೆಯ ತರಗತಿಯಿಂದ ಒಂದೊಂದು ಅಂಕಕ್ಕೂ ತೇಯ್ದ ಮಕ್ಕಳು ಹೊಸ್ತಿಲಿನಲ್ಲಿ ನಿಂತಾಗ ಬಾಗಿಲೇ ಬೇರೆ ಕಡೆಗೆ ಹೋಗಿತ್ತು.

ಮೊದಲೇ ಮಾಡಬೇಕಾದ ಕೆಲಸಗಳಿಲ್ಲವೆಂದಲ್ಲ. ಇವೆ, ಆದರೆ ಅವು ಬಹುಮಟ್ಟಿಗೆ ಗುಮಾಸ್ತೆಯ ಕೆಲಸಗಳು, ತಂದೆತಾಯಂದಿರು ಮಾಡಬೇಕಾದವು. ಹೆಸರನ್ನೇ ನೋಡಿ. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳು ಹೆಸರಿನ ಮುಂದೆ ನಿಲ್ಲುತ್ತವೆ. ಉತ್ತರದ ಶಾಲೆಗಳ ನಮೂನೆಗೆ ‘ಸರ್‌ನೇಮ್’ ಬೇಕು. ಶಾಲೆಯವರು ಒಂದು ಬಗೆಯಾಗಿ ತುಂಬುತ್ತಾರೆ, ಆಧಾರ್‌ನಲ್ಲಿ ಇನ್ನೊಂದು ಬಗೆ. ಒಂಬತ್ತನೆಯ ತರಗತಿಯ ನೋಂದಣಿಯಲ್ಲಿ ಬರೆದ ಹೆಸರೇ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೆ ಬರುತ್ತದೆ, ಅದೇ ಮುಂದೆ ಜೀವನಪರ್ಯಂತ ಜನ್ಮದಿನಾಂಕದ ಸಾಕ್ಷಿ. ನಾವು ಇದನ್ನು ಗಮನಿಸದೆ, ಮಗನ ಹನ್ನೆರಡನೆಯ ತರಗತಿಯ ವರ್ಷದಲ್ಲಿ ನಾಲ್ಕು ದಿನ ರಜೆ ಹಾಕಿ, ಎರಡು ಅಫಿಡವಿಟ್ ಮಾಡಿಸಿದೆವು. ವಿಷಯಗಳ ಆಯ್ಕೆಯೂ ಹಾಗೆಯೇ. ಸಿಬಿಎಸ್ಇ ಹತ್ತನೆಯ ತರಗತಿಯ ಗಣಿತವನ್ನು 2020ರಿಂದ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಮಟ್ಟದಲ್ಲಿ ಪರೀಕ್ಷಿಸುತ್ತಿದೆ. ಬೇಸಿಕ್ ಇರುವುದು ಮುಂದೆ ಗಣಿತ ಓದದವರಿಗಾಗಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್‌ಗೆ ಗಣಿತ ಬೇಕೆಂಬುದು ಹನ್ನೆರಡರಲ್ಲಿ ತಿಳಿದರೇನು ಬಂತು? ಸಿಯುಇಟಿಯಲ್ಲಿ ಆಯ್ದುಕೊಳ್ಳಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು ಎಂಬುದನ್ನು ನಮ್ಮ ಬಳಗದಲ್ಲಿಯೇ ಅನೇಕರು ಅರಿಯರು. ಇದನ್ನೆಲ್ಲ ಕಲೆಹಾಕಲು ವರ್ಷಕ್ಕೆ ಮೂರು ಸಂಜೆಗಳು ಸಾಕು. ಅದಕ್ಕಾಗಿ ಮಕ್ಕಳ ಇನ್ನೂರು ಭಾನುವಾರಗಳನ್ನು ಕಿತ್ತುಕೊಳ್ಳಬೇಕಾಗಿಲ್ಲ.

ಕೋಚಿಂಗ್ ಇಲ್ಲದೆ ಐಐಟಿ, ವೈದ್ಯಕೀಯ ಸೀಟು ಸಿಗುತ್ತದೆಯೇ ಎಂದು ಕೇಳುವವರಿಗೆ ನಮ್ಮಲ್ಲಿ ಸಮರ್ಪಕ ಉತ್ತರವಿಲ್ಲ. ಹನ್ನೊಂದನೆಯ ತರಗತಿಯಲ್ಲಿ, ಮಗುವೇ ಬೇಕೆಂದು ಕೇಳಿದರೆ, ನಾವೂ ಸೇರಿಸುತ್ತೇವೆ. ಹದಿಮೂರು ವರ್ಷದ ಮಗುವಿನ ಪರವಾಗಿ ನಾವೇ ಕೇಳಿಕೊಳ್ಳುವುದರ ಬಗ್ಗೆಯಷ್ಟೇ ನಮ್ಮ ತಕರಾರು.

ಮಗ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾದ. ಕೊನೆಗೆ ಸೇರಿದ್ದು ಪುಣೆಯ ಕಾಲೇಜೊಂದನ್ನು. ಅಜ್ಜನ ಒಂಬತ್ತು ಗಂಟೆಯ ಕರೆ ಈಗ ವಾರಕ್ಕೊಮ್ಮೆಗೆ ಇಳಿದಿದೆ, ನಿಂತಿಲ್ಲ. ಮಗಳು ಈ ಏಪ್ರಿಲ್‌ನಲ್ಲಿ ಒಂಬತ್ತನೆಯ ತರಗತಿಗೆ ಬರುತ್ತಾಳೆ. ಅದೇ ಸಂಸ್ಥೆಯವರು ಅಣ್ಣನ ಹೆಸರು ಹೇಳಿ, ರಿಯಾಯಿತಿ ಕೊಡುತ್ತೇವೆಂದು ಎರಡು ಬಾರಿ ಫೋನ್ ಮಾಡಿದ್ದಾರೆ. ಅವರ ತರಗತಿ ಈಗಲೂ ಭಾನುವಾರ ಹತ್ತು ಗಂಟೆಗೇ. ಮಗಳು ಆ ಹೊತ್ತಿಗೆ ಕನ್ನಡ ತರಗತಿಯ ನಾಟಕದಲ್ಲಿ ಮುದುಕಿಯ ಪಾತ್ರವನ್ನು ಅಭ್ಯಾಸ ಮಾಡುತ್ತಿರುತ್ತಾಳೆ. ನಾವು ಮುಂಗಡ ಹಣ ಕಟ್ಟಿಲ್ಲ. ಮಾರ್ಚ್ ಕೊನೆಯವರೆಗೆ ಕಾಯುತ್ತೇವೆಂದು ಅವರು ಹೇಳಿದ್ದಾರೆ.